ಏಳು ತಿಂಗಳಲ್ಲಿ 160 ಪುಟ ಬೇಡ, 32 ಪುಟ ಮುಗಿಸಿ

ಪ್ರಶ್ನೆ: ಕೆಲಸಕ್ಕೆ ಹೋಗಿ ಬಂದು ರಾತ್ರಿ ಹೊತ್ತು ಚಿತ್ರ ಬರೆಯುತ್ತೇನೆ. ಗಡಿಯಾರ ರಿಪೇರಿ ಮಾಡುವ, ಮರೆವು ಶುರುವಾಗಿರುವ ಅಜ್ಜ ಮತ್ತು ಅವರ ಮೊಮ್ಮಗಳ ಕಥೆಯನ್ನು 160 ಪುಟದ ಕನ್ನಡ ಗ್ರಾಫಿಕ್ ಕಾದಂಬರಿಯಾಗಿ ತರಬೇಕು ಅಂತ ಆಸೆ. ಸ್ಕ್ರಿಪ್ಟ್ ಮುಗಿದಿದೆ. 22 ಪುಟಕ್ಕೆ ಪೆನ್ಸಿಲ್ ಆಗಿದೆ, ಅದರಲ್ಲಿ 9ಕ್ಕೆ ಇಂಕ್ ಕೂಡ ಆಗಿದೆ. ಒಂದು ಪುಟಕ್ಕೆ ಸುಮಾರು 8 ಗಂಟೆ ಹಿಡಿಯುತ್ತದೆ, ವಾರಕ್ಕೆ 12 ಗಂಟೆ ಸಿಗುತ್ತದೆ. ಇನ್ನು ಏಳು ತಿಂಗಳಿಗೆ ಒಂದು ಕಾಮಿಕ್ ಕನ್ವೆನ್ಷನ್ ಇದೆ, ಅಲ್ಲಿ ಪುಸ್ತಕ ಮಾರಲು ನನಗೆ ಮೇಜು ಸಿಕ್ಕಿದೆ. ಅಷ್ಟರಲ್ಲಿ ಪೂರ್ತಿ ಪುಸ್ತಕ ಮುಗಿಸಬಹುದಾ? ಎಷ್ಟು ಪ್ರತಿ ಪ್ರಿಂಟ್ ಮಾಡಿಸಲಿ? ಮೇಜನ್ನು ಹೇಗೆ ಸಿದ್ಧ ಮಾಡಿಕೊಳ್ಳಲಿ? ಮಾರಾಟವಾಗದೆ ಉಳಿದರೆ ಏನು ಮಾಡಲಿ?

ಉತ್ತರ: ಮೊದಲು ನೀವು ಕೊಟ್ಟ ಲೆಕ್ಕವನ್ನೇ ಕೂಡಿಸಿ ನೋಡೋಣ. ಪೆನ್ಸಿಲ್ ಆಗಿ ಇಂಕ್ ಬಾಕಿ ಇರುವ ಪುಟ 13. ಅವಕ್ಕೆ ಅರ್ಧ ಕೆಲಸ ಅಂತ ಇಟ್ಟುಕೊಂಡರೆ 52 ಗಂಟೆ. ಕೈಯೇ ಹಾಕದ ಪುಟ 138. ಅವಕ್ಕೆ 1,104 ಗಂಟೆ. ಒಟ್ಟು 1,156 ಗಂಟೆ. ವಾರಕ್ಕೆ 12 ಗಂಟೆಯಂತೆ 96 ವಾರ, ಹೆಚ್ಚುಕಡಿಮೆ ಎರಡು ವರ್ಷ. ನಿಮ್ಮ ಹತ್ತಿರ ಇರುವುದು 30 ವಾರ. ಅದರಲ್ಲಿ ಕೊನೆಯ ಆರು ವಾರವನ್ನು ಪ್ರೂಫ್, ತಿದ್ದುಪಡಿ, ಪ್ರಿಂಟಿಂಗ್‌ಗೆ ಈಗಲೇ ತೆಗೆದಿಡಿ. ಉಳಿಯುವುದು 24 ವಾರ, 288 ಗಂಟೆ.

ಹಾಗಾಗಿ ಪೂರ್ತಿ ಪುಸ್ತಕ ಆಗುವುದಿಲ್ಲ. ನಿದ್ದೆ ಕಡಿಮೆ ಮಾಡಿ ಓಡಿಸಿದರೂ ಆಗುವುದಿಲ್ಲ, ಓಡಿಸಲೂ ಬೇಡಿ. ಕೈ ನೋವು ಒಮ್ಮೆ ಮಣಿಕಟ್ಟಿಗೆ ಬಂದು ಕೂತರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಆದರೆ ಮೇಜನ್ನು ಬಿಟ್ಟುಕೊಡುವ ಅಗತ್ಯವೂ ಇಲ್ಲ. ಮೊದಲ ಅಧ್ಯಾಯವನ್ನು 32 ಪುಟದ ಪುಸ್ತಕ ಮಾಡಿಕೊಂಡು ಹೋಗಿ. ಅದರಲ್ಲಿ ಕಥೆ 28 ಪುಟ. 9 ಆಗಲೇ ಮುಗಿದಿದೆ, 13ಕ್ಕೆ ಇಂಕ್ ಬೇಕು, 6 ಹೊಸದಾಗಿ ಬರೆಯಬೇಕು. ಇದಕ್ಕೆ ನೂರು ಗಂಟೆ ಸಾಕು. ಹಾಗಾದರೆ 48 ಪುಟ ಮಾಡಬಹುದಲ್ವಾ ಅಂತ ನಿಮಗೆ ಅನ್ನಿಸುತ್ತದೆ. ಬೇಡ. ಮುಖಪುಟಕ್ಕೆ ಎಷ್ಟು ಹೊತ್ತು ಬೇಕು, ಅಕ್ಷರ ಕೂರಿಸಲು ಎಷ್ಟು ಬೇಕು ಅಂತ ಮೊದಲ ಪುಸ್ತಕದಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಒಂದೆರಡು ವಾರ ಜ್ವರ ಬರಬಹುದು, ಆಫೀಸಿನಲ್ಲಿ ಕೆಲಸ ಜಾಸ್ತಿಯಾಗಬಹುದು. ಮಿಕ್ಕ ಗಂಟೆಗಳೆಲ್ಲ ಅದಕ್ಕೇ ಹೋಗುತ್ತವೆ.

ಅಧ್ಯಾಯ ಅಧ್ಯಾಯವಾಗಿ ತರುವುದು ಅಂದರೆ ಸೋತು ರಾಜಿಯಾದ ಹಾಗೆ ಅಂತ ದಯವಿಟ್ಟು ತಿಳಿಯಬೇಡಿ. ಈ ಕಲೆಯ ದೊಡ್ಡ ಪುಸ್ತಕಗಳು ಎಷ್ಟೋ ಹೀಗೇ ಬಂದಿವೆ. ಆರ್ಟ್ ಸ್ಪೀಗಲ್‌ಮನ್ ಅವರ 'ಮೌಸ್' 1980ರಿಂದ ಒಂದು ಪತ್ರಿಕೆಯಲ್ಲಿ ಅಧ್ಯಾಯಗಳಾಗಿ ಬರುತ್ತಿತ್ತು. 1992ರಲ್ಲಿ ಅದಕ್ಕೆ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು. ಜೆಫ್ ಸ್ಮಿತ್ ಅವರು 'ಬೋನ್' ಕಥೆಯನ್ನು 1991ರಲ್ಲಿ ಸ್ವಂತ ಪ್ರಕಾಶನದಿಂದ ತೆಳ್ಳನೆಯ ಸಂಚಿಕೆಗಳಾಗಿ ಶುರು ಮಾಡಿದರು. 2004ರಲ್ಲಿ 55ನೇ ಸಂಚಿಕೆಗೆ ಕಥೆ ಮುಗಿಯಿತು. ಈಗ ಅದು 1,300 ಪುಟ ದಾಟುವ ಒಂದೇ ಸಂಪುಟವಾಗಿಯೂ ಸಿಗುತ್ತದೆ. ಕನ್ವೆನ್ಷನ್‌ಗಳ ಕಥೆಯೂ ಹಾಗೇ. ಟೋಕಿಯೋದ ಕಾಮಿಕೆಟ್‌ಗೆ ಈಗ ಲಕ್ಷಗಟ್ಟಲೆ ಜನ ಬರುತ್ತಾರೆ. 1975ರ ಡಿಸೆಂಬರ್‌ನಲ್ಲಿ ಅದು ಮೊದಲ ಸಲ ನಡೆದಾಗ ತಾವೇ ಅಚ್ಚು ಹಾಕಿಸಿದ ಪುಸ್ತಕ ಹಿಡಿದು ಬಂದಿದ್ದದ್ದು 32 ಗುಂಪು ಮಾತ್ರ.

ಒಂದು ಷರತ್ತು ಇದೆ. 28ನೇ ಪುಟದಲ್ಲಿ ಕಥೆ ಸುಮ್ನೆ ತುಂಡಾಗಬಾರದು. ಅಜ್ಜನ ಮರೆವು ಮೊಮ್ಮಗಳಿಗೆ ಮೊದಲ ಸಲ ಗೊತ್ತಾಗುವ ಜಾಗ ನಿಮ್ಮ ಸ್ಕ್ರಿಪ್ಟಿನಲ್ಲಿ ಇದ್ದೇ ಇರುತ್ತದೆ. ಅಧ್ಯಾಯ ಅಲ್ಲಿಗೆ ಹೋಗಿ ನಿಲ್ಲಲಿ. ಅದು ಈಗ 40ನೇ ಪುಟದಲ್ಲಿದ್ದರೆ 28ಕ್ಕೆ ತನ್ನಿ, ಮಧ್ಯದ ದೃಶ್ಯಗಳನ್ನು ಎರಡನೇ ಅಧ್ಯಾಯಕ್ಕೆ ಸರಿಸಿ. ಓದಿ ಮುಗಿಸಿದವರಿಗೆ ಒಂದು ಸಂಗತಿ ಪೂರ್ತಿ ತಿಳಿದಿರಬೇಕು, ಇನ್ನೊಂದು ತಿಳಿಯಬೇಕು ಅನ್ನಿಸುತ್ತಿರಬೇಕು.

ಇನ್ನೊಂದು ಮಾತು. ಇಂಕ್ ಆದ ಆ 9 ಪುಟಗಳನ್ನು ಮತ್ತೆ ಬರೆಯಬೇಡಿ. ಇಪ್ಪತ್ತನೇ ಪುಟಕ್ಕೆ ಬರುವಷ್ಟರಲ್ಲಿ ನಿಮ್ಮ ಕೈ ಪಳಗಿರುತ್ತದೆ, ಮೊದಲ ಪುಟಗಳು ಕಣ್ಣಿಗೆ ಚುಚ್ಚುತ್ತವೆ. ಅವನ್ನು ತಿದ್ದಲು ಹೋದವರ ಪುಸ್ತಕ ವರ್ಷಾನುಗಟ್ಟಲೆ ಮೊದಲ ಅಧ್ಯಾಯದಲ್ಲೇ ನಿಂತಿರುವುದನ್ನು ನೋಡಿದ್ದೇನೆ. ಮೊಮ್ಮಗಳ ಮುಖ ಒಂದು ಪುಟದಲ್ಲಿ ಗುರುತೇ ಸಿಗದಷ್ಟು ಬೇರೆಯಾಗಿದ್ದರೆ ಆ ಪ್ಯಾನೆಲ್, ಅಂದರೆ ಆ ಒಂದು ಚೌಕಟ್ಟಿನ ಚಿತ್ರ, ಮಾತ್ರ ತಿದ್ದಿ.

ಬಾಕಿ ಪುಟಗಳಿಗೆ ಪೆನ್ಸಿಲ್ ಮುಟ್ಟಿಸುವ ಮುಂಚೆ 32 ಪುಟದ ಒಂದು ಡಮ್ಮಿ ಕಟ್ಟಿ. ಎಂಟು ಹಾಳೆ ತೆಗೆದುಕೊಂಡು ಒಟ್ಟಿಗೆ ಮಧ್ಯಕ್ಕೆ ಮಡಚಿ, ಪಿನ್ ಹೊಡೆಯಿರಿ, 32 ಪುಟ ಆಯಿತು. ಅದರಲ್ಲಿ ಪ್ರತಿ ಪುಟವನ್ನೂ ಒರಟು ಗೆರೆಗಳಲ್ಲಿ ಗೀಚಿ. ಇದು ಒಂದು ಸಂಜೆಯ ಕೆಲಸ, ಆದರೆ ಇಷ್ಟು ಕಲಿಸುವ ಕೆಲಸ ಬೇರೆ ಇಲ್ಲ. ಎಡದಿಂದ ಬಲಕ್ಕೆ ಓದುವ ಪುಸ್ತಕದಲ್ಲಿ ಬೆಸ ಪುಟಗಳು ಬಲಕ್ಕೆ, ಸಮ ಪುಟಗಳು ಎಡಕ್ಕೆ ಬರುತ್ತವೆ. ಹಾಳೆ ತಿರುಗಿಸಿದ ಕೂಡಲೇ ಕಣ್ಣಿಗೆ ಬೀಳುವುದು ಎಡ ಪುಟ. ಅಂಗಡಿಯ ಗಡಿಯಾರಗಳೆಲ್ಲ ಬೇರೆ ಬೇರೆ ಸಮಯ ತೋರಿಸುತ್ತಿರುವ ದೊಡ್ಡ ಚಿತ್ರವನ್ನು ಬಲ ಪುಟದಲ್ಲಿ ಇಟ್ಟರೆ, ಓದುಗರು ಎಡ ಪುಟ ಓದುತ್ತಿರುವಾಗಲೇ ಓರೆಗಣ್ಣಿಗೆ ಅದು ಕಂಡುಬಿಡುತ್ತದೆ. ಸಮ ಪುಟದಲ್ಲಿ ಇಟ್ಟು, ಹಿಂದಿನ ಬೆಸ ಪುಟದ ಕೊನೆಯ ಪ್ಯಾನೆಲ್‌ನಲ್ಲಿ ಹುಡುಗಿ ತಲೆ ಎತ್ತುವುದನ್ನು ಮಾತ್ರ ತೋರಿಸಿ. ಹಾಳೆ ತಿರುಗಿಸುವ ಆ ಅರೆಕ್ಷಣ ನಿಮ್ಮ ಕೈಯಲ್ಲಿರುತ್ತದೆ.

ಈ ಎಡ-ಬಲದ ಲೆಕ್ಕ ತಪ್ಪುವುದು ಎಲ್ಲಿ ಗೊತ್ತಾ? ಕೊನೆ ಗಳಿಗೆಯಲ್ಲಿ. ಚಿತ್ರ ಎಲ್ಲ ಮುಗಿದ ಮೇಲೆ ಮುಂದೆ ಒಂದು ಅರ್ಪಣೆ ಪುಟ ಸೇರಿಸೋಣ ಅನ್ನಿಸುತ್ತದೆ. ಒಂದೇ ಪುಟ ಸೇರಿಸಿದರೂ ಎಡದ್ದೆಲ್ಲ ಬಲಕ್ಕೆ ಹೋಗುತ್ತದೆ. ಆದ್ದರಿಂದ ಈಗಲೇ ಗೊತ್ತು ಮಾಡಿಕೊಳ್ಳಿ. 1ನೇ ಪುಟ ಶೀರ್ಷಿಕೆ, 2ನೇ ಪುಟ ಹಕ್ಕು ಮತ್ತು ಮುದ್ರಣ ವಿವರ, 3ರಿಂದ 30ರವರೆಗೆ ಕಥೆ, ಕೊನೆಯ ಎರಡು ಪುಟ ನಿಮ್ಮ ಮಾತಿಗೆ ಮತ್ತು ಮುಂದಿನ ಅಧ್ಯಾಯದ ಒಂದು ಚಿತ್ರಕ್ಕೆ.

ಎರಡು ಪುಟಕ್ಕೆ ಹರಡುವ ಚಿತ್ರದ ಬಗ್ಗೆ ನನ್ನ ಅನುಭವ ಹೇಳಿಬಿಡುತ್ತೇನೆ. ನನ್ನ ಮೊದಲ ದಪ್ಪ ಪುಸ್ತಕದಲ್ಲಿ ತಾಯಿ ಎಡ ಪುಟದಿಂದ ಕೈ ಚಾಚುತ್ತಾಳೆ, ಮಗ ಬಲ ಪುಟದಿಂದ. ಎರಡು ಕೈ ಸೇರುವುದು ನಟ್ಟನಡುವೆ. ಆ ಬೆರಳುಗಳಿಗೆ ಮೂರು ರಾತ್ರಿ ಕೊಟ್ಟಿದ್ದೆ. ಪುಸ್ತಕ ಬಂತು, ಆ ಪುಟ ತೆರೆದೆ. ಎರಡು ಮೊಳಕೈ ಬೈಂಡಿಂಗ್ ಒಳಗೆ ಹೋಗಿ ಮುಗಿದಿದ್ದವು, ಬೆರಳುಗಳು ಅಂಟಿನ ಹತ್ತಿರ ಮಡಿಕೆಯಲ್ಲಿ ಹೂತುಹೋಗಿದ್ದವು. ಬೆನ್ನಿಗೆ ಅಂಟು ಹಾಕುವ ಪರ್ಫೆಕ್ಟ್ ಬೈಂಡಿಂಗ್‌ನಲ್ಲಿ ಪುಸ್ತಕ ಚಪ್ಪಟೆಯಾಗಿ ತೆರೆದುಕೊಳ್ಳುವುದಿಲ್ಲ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ತಪ್ಪು ನನ್ನದೇ. ಅಲ್ಲಿಂದೀಚೆಗೆ ಮುಖ, ಕೈ, ಮಾತು ಯಾವುದನ್ನೂ ನಡುವೆ ಇಡುವುದಿಲ್ಲ.

ನಿಮ್ಮ 32 ಪುಟಕ್ಕೆ ಸೆಂಟರ್ ಪಿನ್ ಸಾಕು, ಅಂದರೆ ಡಮ್ಮಿಯ ಹಾಗೇ ಮಡಿಕೆಯ ಮೇಲೆ ಪಿನ್. ಸೆಂಟರ್ ಪಿನ್ ಪುಸ್ತಕದಲ್ಲಿ ಒಳಗಿನ ಪುಟಗಳು 4ರ ಗುಣಕದಲ್ಲಿ ಇರಬೇಕು, 32 ಸರಿಯಾಗಿ ಕೂರುತ್ತದೆ. ಅಗಲದ ಚಿತ್ರ ಬೇಕೇ ಬೇಕು ಅಂದರೆ 16-17ನೇ ಪುಟಗಳಲ್ಲಿ ಇಡಿ. ಆ ಎರಡು ಮಾತ್ರ ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಬರುತ್ತವೆ, ಗೆರೆ ಕೂಡಿಸುವ ತಾಪತ್ರಯ ಇಲ್ಲ. ಆದರೆ ಇದೇ ಪುಟಗಳು ಮುಂದೆ 160 ಪುಟದ ಪುಸ್ತಕದಲ್ಲೂ ಬರುತ್ತವೆ ಅಲ್ವಾ? ಅದಕ್ಕೆ ಅಂಟಿನ ಬೈಂಡಿಂಗೇ ಬೇಕಾಗುತ್ತದೆ. ಹಾಗಾಗಿ ಒಳಬದಿಯ ಅಂಚನ್ನು ಈಗಲೇ 15 ಮಿಲಿಮೀಟರ್ ಬಿಡಿ, ಮತ್ತು ಅಳತೆ ಈಗಲೇ ನಿಗದಿ ಮಾಡಿ. ಎ5 ನನ್ನ ಸಲಹೆ, ಅಂದರೆ 148 x 210 ಮಿಲಿಮೀಟರ್. ಅಳತೆಗೆ ಕತ್ತರಿಸುವಾಗ ಅಂಚು ಒಂದಿಷ್ಟು ಅತ್ತಿತ್ತ ಆಗುತ್ತದೆ. ಅಂಚಿನವರೆಗೂ ಹೋಗುವ ಚಿತ್ರಕ್ಕೆ ಸುತ್ತ 3 ಮಿಲಿಮೀಟರ್ ಬ್ಲೀಡ್ ಕೊಡಿ, ಅಂದರೆ ಚಿತ್ರವನ್ನು ಕತ್ತರಿಸುವ ಗೆರೆಯಿಂದ ಅಷ್ಟು ಹೊರಗೂ ಬರೆಯಿರಿ, ಮಾತಿನ ಬಲೂನುಗಳನ್ನು ಅಂಚಿನಿಂದ ಕನಿಷ್ಠ 6-7 ಮಿಲಿಮೀಟರ್ ಒಳಗೆ ಇಡಿ.

ಒಳಪುಟ ಕಪ್ಪು-ಬಿಳುಪಿನಲ್ಲೇ ಇರಲಿ, ಬಣ್ಣ ಮುಖಪುಟಕ್ಕೆ ಸಾಕು. ಗೆರೆ ಕೆಲಸವನ್ನು ಪ್ರಿಂಟ್ ಅಳತೆಯಲ್ಲಿ 600 ಡಿಪಿಐಗೆ (ಒಂದು ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ, 300 ಡಿಪಿಐ ಆದರೆ ತೆಳು ಗೆರೆಗಳ ಅಂಚು ಹಲ್ಲುಹಲ್ಲಾಗಿ ಕಾಣುತ್ತದೆ. ಫೈಲನ್ನು ಬರೀ ಕಪ್ಪು, ಬಿಳಿ, ಬೂದು ಇರುವ ಗ್ರೇಸ್ಕೇಲ್‌ನಲ್ಲಿ ಉಳಿಸಿ. ಆರ್‌ಜಿಬಿಯಲ್ಲಿ, ಅಂದರೆ ಪರದೆಯ ಬಣ್ಣದ ಲೆಕ್ಕದಲ್ಲಿ, ಬಿಟ್ಟರೆ ಕಪ್ಪು ಬಣ್ಣ ನಾಲ್ಕು ಇಂಕಿನ ಮಿಶ್ರಣವಾಗಿಬಿಡಬಹುದು, ಆಗ ಸಣ್ಣ ಅಕ್ಷರದ ಸುತ್ತ ಬಣ್ಣದ ನೆರಳು ಏಳುತ್ತದೆ. ಮುಖಪುಟ ಸಿಎಂವೈಕೆಯಲ್ಲಿ, ಅಂದರೆ ಪ್ರಿಂಟಿನ ನಾಲ್ಕು ಇಂಕಿನ ಲೆಕ್ಕದಲ್ಲಿ, ಇರಲಿ. ಪರದೆಯ ಮೇಲೆ ಹೊಳೆಯುವ ನೀಲಿ, ಹಸಿರು ಕಾಗದದ ಮೇಲೆ ಮಂಕಾಗುವುದು ಖಂಡಿತ, ಅದಕ್ಕೆ ಮೊದಲೇ ಮನಸ್ಸು ಸಿದ್ಧವಿರಲಿ.

ಈಗ ಅಕ್ಷರದ ವಿಷಯ. ಕನ್ನಡ ಕಾಮಿಕ್ಸ್ ಕೆಡುವುದು ಹೆಚ್ಚಾಗಿ ಇಲ್ಲೇ, ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಮೊದಲು ನಿಮ್ಮ ಸಾಫ್ಟ್‌ವೇರ್‌ನಲ್ಲಿ 'ಸ್ತ್ರೀ', 'ರಾಷ್ಟ್ರ', 'ಅರ್ಥ' ಅಂತ ಟೈಪ್ ಮಾಡಿ ನೋಡಿ. ಒತ್ತು ಬಿಡಿಬಿಡಿಯಾಗಿ ಪಕ್ಕಕ್ಕೆ ಬಂದರೆ, ಅರ್ಕಾವತ್ತು ತನ್ನ ಜಾಗ ಬಿಟ್ಟು ಕೂತರೆ, ಆ ಸಾಫ್ಟ್‌ವೇರ್‌ನಲ್ಲಿ ಅಕ್ಷರ ಹಾಕಬೇಡಿ. ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಅನ್ನುವ ಸೆಟ್ಟಿಂಗ್ ಆರಿಸಿಕೊಂಡರೆ ಸರಿಹೋಗುತ್ತದೆ. ದುಡ್ಡು ಕೊಡದೆ ಸಿಗುವ ಇಂಕ್‌ಸ್ಕೇಪ್‌ನಲ್ಲೂ ಯೂನಿಕೋಡ್ ಕನ್ನಡ ಚೆನ್ನಾಗಿ ಬರುತ್ತದೆ. ಚಿತ್ರ ಬರೆಯುವುದು ಒಂದರಲ್ಲಿ, ಅಕ್ಷರ ಇನ್ನೊಂದರಲ್ಲಿ ಆದರೂ ತೊಂದರೆ ಇಲ್ಲ. ಪ್ರಿಂಟಿಗೆ ಕೊಡುವ ಪಿಡಿಎಫ್‌ನಲ್ಲಿ ಅಕ್ಷರಗಳನ್ನು ಔಟ್‌ಲೈನ್ ಮಾಡಿಬಿಡಿ, ಅಂದರೆ ಆಕಾರದ ಗೆರೆಗಳಾಗಿ ಬದಲಿಸಿಬಿಡಿ, ಆಗ ಪ್ರೆಸ್‌ನ ಕಂಪ್ಯೂಟರಿನಲ್ಲಿ ಫಾಂಟ್ ಬದಲಾಗುವ ಭಯವಿಲ್ಲ. ತಿದ್ದಬಹುದಾದ ಮೂಲ ಫೈಲ್ ಬೇರೆ ಇಟ್ಟುಕೊಳ್ಳಿ. ಫಾಂಟ್‌ನ ಪರವಾನಗಿಯನ್ನೂ ನೋಡಿ. ಬಾಲೂ ತಮ್ಮ, ನೋಟೋ ಸ್ಯಾನ್ಸ್ ಕನ್ನಡದಂಥವು ಮುಕ್ತ ಪರವಾನಗಿಯಲ್ಲಿವೆ, ಮಾರುವ ಪುಸ್ತಕಕ್ಕೂ ಬಳಸಬಹುದು.

ಕನ್ನಡದ ಅಕ್ಷರ ಮೇಲೂ ಬೆಳೆಯುತ್ತದೆ, ಕೆಳಗೂ ಇಳಿಯುತ್ತದೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು. ಸಾಲುಗಳ ನಡುವಿನ ದೂರ ಅಕ್ಷರದ ಅಳತೆಯ ಒಂದೂವರೆಯಷ್ಟು ಇರಲಿ. ಇಂಗ್ಲಿಷ್ ಕಾಮಿಕ್ಸ್ ನೋಡಿಕೊಂಡು ಬಲೂನಿನ ಜಾಗ ಬಿಟ್ಟರೆ ಸಾಲುವುದೇ ಇಲ್ಲ. ನಮ್ಮ ಪದಗಳು ಉದ್ದ. 'ನೆನಪಿಸಿಕೊಳ್ಳಬೇಕಾಗಿತ್ತು' ಅನ್ನುವ ಒಂದೇ ಪದ ಬಲೂನನ್ನು ಹಿಗ್ಗಿಸಿಬಿಡುತ್ತದೆ. ಅದನ್ನು ಒಡೆದು ಎರಡು ಸಾಲಿಗೆ ಹಾಕಬೇಡಿ, ಮಾತನ್ನೇ ಬದಲಿಸಿ. 'ಅಯ್ಯೋ, ಮರೆತೇಬಿಟ್ಟೆ' ಅಂತ ಅಜ್ಜ ಅಂದರೆ ಮುಗಿಯಿತು. ಆಡುಮಾತು ಚಿಕ್ಕದಾಗಿರುತ್ತದೆ, ಜೀವವೂ ಇರುತ್ತದೆ. ಒಂದು ಬಲೂನಿಗೆ ಹತ್ತು-ಹನ್ನೆರಡು ಪದ ದಾಟಿದರೆ ಎರಡು ಮಾಡಿ. ಪೆನ್ಸಿಲ್ ಹಂತದಲ್ಲೇ ಬಲೂನುಗಳನ್ನು ಬರೆದಿಡಿ. ಚಿತ್ರ ಮುಗಿದ ಮೇಲೆ ಜಾಗ ಹುಡುಕಿದರೆ ಯಾರದೋ ತಲೆಯ ಮೇಲೆ ಕೂರಿಸಬೇಕಾಗುತ್ತದೆ.

ಸದ್ದಿನ ಪದಗಳನ್ನು ಮಾತ್ರ ಫಾಂಟ್‌ನಲ್ಲಿ ಹಾಕಬೇಡಿ, ಕೈಯಲ್ಲೇ ಬರೆಯಿರಿ. ಟಿಕ್ ಟಿಕ್, ಕಿರ್ರ್, ದಢಾರ್, ಝಣಝಣ, ಇಂಥ ಪದಗಳಿಗೆ ಕನ್ನಡದಲ್ಲಿ ಬರವೇ ಇಲ್ಲ. ಗಡಿಯಾರದ ಅಂಗಡಿಯ ಕಥೆ ನಿಮ್ಮದು. 'ಟಿಕ್' ಅನ್ನುವುದು ಚಿಕ್ಕ ಗಡಿಯಾರಕ್ಕೆ ತೆಳ್ಳಗೆ, ಗೋಡೆ ಗಡಿಯಾರಕ್ಕೆ ದಪ್ಪಗೆ, ನಿಂತುಹೋಗುತ್ತಿರುವುದಕ್ಕೆ ಅಳುಕಿದ ಗೆರೆಯಲ್ಲಿ ಬಂದರೆ ಓದುಗರಿಗೆ ಕೇಳಿಸಿಯೇಬಿಡುತ್ತದೆ. ಇದನ್ನು ಬರೆಯುವಾಗ ನನಗೇ ನಿಮ್ಮ ಪುಸ್ತಕ ನೋಡುವ ಆಸೆ ಆಗುತ್ತಿದೆ.

ಪ್ರತಿಗಳ ಸಂಖ್ಯೆ: 60, ಡಿಜಿಟಲ್ ಪ್ರಿಂಟ್. ಆಫ್‌ಸೆಟ್‌ನಲ್ಲಿ ಅಚ್ಚು ಹಾಕಲು ಮೊದಲು ಮಾಡಿಕೊಳ್ಳುವ ಪ್ಲೇಟಿನ ಖರ್ಚು 60 ಪ್ರತಿಗೂ ಅಷ್ಟೇ, 2,000 ಪ್ರತಿಗೂ ಅಷ್ಟೇ. ಅದಕ್ಕೇ ಅದು ಹೆಚ್ಚು ಪ್ರತಿ ಹಾಕಿಸುವವರಿಗೆ ಮಾತ್ರ ಗಿಟ್ಟುತ್ತದೆ. ಒಂದು ಪ್ರತಿಗೆ ಇಷ್ಟು ಅಗ್ಗ ಅನ್ನುವ ಮಾತಿಗೆ ಮರುಳಾಗಿ ಐನೂರು ಹಾಕಿಸಬೇಡಿ. 60 ಮಾಡಿಸುವ ಮುಂಚೆ ಒಂದೇ ಒಂದು ಪ್ರತಿಯನ್ನು ಅದೇ ಕಾಗದದಲ್ಲಿ, ಅದೇ ಬೈಂಡಿಂಗ್‌ನಲ್ಲಿ ಮಾಡಿಸಿ ತನ್ನಿ. ಪರದೆಯ ಮೇಲೆ ನೂರು ಸಲ ನೋಡಿದ ಕಾಗುಣಿತದ ತಪ್ಪು ಕಾಗದದ ಮೇಲೆ ಮೊದಲ ಸಲಕ್ಕೇ ಕಾಣುತ್ತದೆ. ಕಥೆ ಗೊತ್ತಿಲ್ಲದ ಒಬ್ಬರಿಗೆ ಆ ಪ್ರತಿ ಕೊಟ್ಟು ಪಕ್ಕದಲ್ಲಿ ಕೂತು ನೋಡಿ. ಅವರ ಕಣ್ಣು ಯಾವ ಪುಟದಲ್ಲಿ ಹಿಂದಕ್ಕೆ ಹೋಯಿತು, ಅಲ್ಲಿ ಬಲೂನಿನ ಕ್ರಮ ತಪ್ಪಿದೆ ಅಂತ ಅರ್ಥ.

ಬೆಲೆ ಇಡುವಾಗ ಮುಂದೆ ಅಂಗಡಿಗೆ ಕೊಡುವ ದಿನವನ್ನೂ ನೆನೆಯಿರಿ. ಮುಖಬೆಲೆಯಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಅಂಗಡಿಯವರು ಇಟ್ಟುಕೊಳ್ಳುವುದು ಸಾಮಾನ್ಯ. ಅದು ಕಳೆದ ಮೇಲೂ ಪ್ರಿಂಟ್ ಖರ್ಚಿಗಿಂತ ಮೇಲೆ ಏನಾದರೂ ಉಳಿಯಬೇಕು. ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ನಿಮ್ಮ ಮೇಜಿನ ಮೇಲೆ ಮಾರಲು ಬೇಕಿಲ್ಲ, ಪೂರ್ತಿ ಪುಸ್ತಕಕ್ಕೆ ತೆಗೆದುಕೊಂಡರೆ ಸಾಕು.

ಇನ್ನು ಮೇಜು. ಆಯೋಜಕರು ಕಳಿಸಿರುವ ಪತ್ರವನ್ನು ಇನ್ನೊಮ್ಮೆ ಓದಿ. ಪೂರ್ತಿ ಮೇಜೋ ಅರ್ಧವೋ, ಹಿಂದೆ ಬ್ಯಾನರ್ ಇಡಲು ಜಾಗ ಇದೆಯೋ, ಕರೆಂಟ್ ಪಾಯಿಂಟ್ ಇದೆಯೋ, ಎಷ್ಟು ಹೊತ್ತಿಗೆ ಒಳಗೆ ಬಿಡುತ್ತಾರೆ, ಎಲ್ಲ ನೋಡಿ. ಮನೆಯಲ್ಲಿ ಅಷ್ಟೇ ಅಳತೆಯ ಜಾಗವನ್ನು ನೆಲದ ಮೇಲೆ ಟೇಪ್ ಹಚ್ಚಿ ಗುರುತು ಮಾಡಿ, ಎಲ್ಲ ಜೋಡಿಸಿ, ಫೋಟೋ ತೆಗೆದಿಡಿ. ಅವತ್ತು ಬೆಳಗ್ಗೆ ಗಡಿಬಿಡಿಯಲ್ಲಿ ಆ ಫೋಟೋ ನೋಡಿ ಜೋಡಿಸಿದರೆ ಹತ್ತು ನಿಮಿಷದ ಕೆಲಸ. ಪುಸ್ತಕಗಳನ್ನು ಮಲಗಿಸಿ ರಾಶಿ ಹಾಕಬೇಡಿ. ಒಂದೆರಡನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನಡೆದು ಹೋಗುವವರಿಗೆ ಕಾಣುವುದು ನಿಂತ ಮುಖಪುಟ ಮಾತ್ರ. ಬೆಲೆ ದೊಡ್ಡದಾಗಿ ಬರೆದಿಡಿ. ಕೇಳಲು ಸಂಕೋಚಪಟ್ಟು ಎಷ್ಟೋ ಜನ ಹಾಗೇ ಮುಂದೆ ಹೋಗುತ್ತಾರೆ. ನೆಲದವರೆಗೆ ಇಳಿಯುವ ಬಟ್ಟೆ, ಚಿಲ್ಲರೆ, ಕ್ಯೂಆರ್ ಕೋಡ್, ಸಹಿಗೆ ಬೇಗ ಒಣಗುವ ಪೆನ್ನು, ಮಾರಿದ್ದನ್ನು ಗೀಟು ಹಾಕಲು ಒಂದು ನೋಟ್‌ಬುಕ್, ನೀರು. ಇನ್ನೊಬ್ಬರು ಜೊತೆಗಿರಲಿ, ಇಲ್ಲದಿದ್ದರೆ ದಿನವಿಡೀ ಎದ್ದು ಹೋಗಲು ಆಗುವುದಿಲ್ಲ.

ಒಂದು ಪ್ರತಿಯ ಮೇಲೆ 'ಓದಿ ನೋಡಿ' ಅಂತ ಚೀಟಿ ಅಂಟಿಸಿ ಮುಂದೆ ಇಡಿ. ಇದರ ಮಹತ್ವ ನನಗೆ ತಿಳಿದದ್ದು ಒಬ್ಬ ಹೆಂಗಸಿನಿಂದ. ಮೂರು ಹೆಜ್ಜೆ ದೂರದಲ್ಲಿ ನಿಂತು ಮುಖಪುಟ ನೋಡಿದರು. ಹತ್ತಿರ ಬಂದು ಪುಸ್ತಕ ಎತ್ತಿಕೊಂಡು, ಹೆಬ್ಬೆರಳಿನಲ್ಲಿ ಹಿಂದಿನಿಂದ ಮುಂದಕ್ಕೆ ಪುಟಗಳನ್ನು ಬಿಟ್ಟರು. ಒಂದು ಪುಟದಲ್ಲಿ ಬೆರಳು ನಿಂತಿತು. ಅಷ್ಟರಲ್ಲಿ ನಾನು ಕಥೆ ಹೇಳಲು ಶುರು ಮಾಡಿದೆ. ಅವರು ಮರ್ಯಾದೆಗೆ ತಲೆ ಎತ್ತಿ ಕೇಳಿಸಿಕೊಂಡರು, ಚೆನ್ನಾಗಿದೆ ಅಂದರು, ಪುಸ್ತಕ ಕೆಳಗಿಟ್ಟು ಹೊರಟರು. ಅವರು ಓದುತ್ತಿದ್ದರು, ನಾನು ಓದಲು ಬಿಡಲಿಲ್ಲ. ಮುಂದೆ ಬಂದ ಹುಡುಗನಿಗೆ ನಮಸ್ಕಾರ ಹೇಳಿ ಸುಮ್ಮನಾದೆ. ನಿಂತಲ್ಲೇ ನಾಲ್ಕು ಪುಟ ಓದಿದ, ತೆಗೆದುಕೊಂಡ. ಜನ ಹಿಂದಿನಿಂದ ತಿರುವುತ್ತಾರೆ ಅನ್ನುವುದೂ ಅವತ್ತೇ ಕಣ್ಣಿಗೆ ಬಿತ್ತು. ಅದಕ್ಕೇ ಕೊನೆಯ ಪುಟಗಳಲ್ಲಿ ಗುಟ್ಟು ಬಿಟ್ಟುಕೊಡುವ ಚಿತ್ರ ದೊಡ್ಡದಾಗಿ ಇರದಂತೆ ನೋಡಿಕೊಳ್ಳಿ.

ಏನು ಕಥೆ ಅಂತ ಅವರೇ ಕೇಳಿದಾಗ ಹೇಳಲು ಎರಡು ಸಾಲು ಬಾಯಿಗೆ ಬಂದಿರಲಿ. 'ಅಜ್ಜನಿಗೆ ಮರೆವು ಶುರುವಾಗಿದೆ, ಅಂಗಡಿಯ ಗಡಿಯಾರಗಳೆಲ್ಲ ತಪ್ಪು ಸಮಯ ತೋರಿಸ್ತಿವೆ. ಸರಿ ಮಾಡೋಕೆ ಕೂತವಳು ಪುಟ್ಟ ಮೊಮ್ಮಗಳು.' ಇಷ್ಟು ಸಾಕು. ಇದು 160 ಪುಟದ ಕಥೆಯ ಮೊದಲ ಅಧ್ಯಾಯ ಅನ್ನುವುದನ್ನೂ ಮುಚ್ಚಿಡದೆ ಹೇಳಿ, ಮುಖಪುಟದ ಮೇಲೂ 'ಅಧ್ಯಾಯ 1' ಅಂತ ಇರಲಿ. ಎರಡನೆಯದು ಬಂದಾಗ ತಿಳಿಸಲು ಹೆಸರು, ಇಮೇಲ್ ಬರೆದುಕೊಡುವ ಹಾಳೆ ಇಡಿ. ಮೊದಲ ಸಲ ಆ ಹಾಳೆ ಮಾರಾಟದ ದುಡ್ಡಿಗಿಂತ ಬೆಲೆಯುಳ್ಳದ್ದು. ಬೇರೆಯವರ ಪ್ರಸಿದ್ಧ ಪಾತ್ರಗಳ ಚಿತ್ರ ಬರೆದು ಮಾರುವವರನ್ನು ಅಲ್ಲಿ ಬಹಳ ನೋಡುತ್ತೀರಿ, ಅವರ ಮೇಜಿನ ಮುಂದೆ ಜನವೂ ಜಾಸ್ತಿ ಇರುತ್ತಾರೆ. ನೀವು ಆ ದಾರಿ ಹಿಡಿಯಬೇಡಿ. ಹಕ್ಕಿನ ತಕರಾರು ಒಂದು ಕಡೆ, ನಿಮ್ಮ ಗೆರೆಯ ಗುರುತು ಜನರಿಗೆ ಸಿಗಬೇಕಾದ ದಿನ ಬೇರೆಯವರ ಪಾತ್ರ ಮುಂದೆ ನಿಲ್ಲುವುದು ಇನ್ನೊಂದು ಕಡೆ. ಬೇಕಿದ್ದರೆ ಅಂಗಡಿಯ ಒಂದು ದೃಶ್ಯವನ್ನು ಪೋಸ್ಟ್‌ಕಾರ್ಡ್ ಮಾಡಿಸಿ.

ಉಳಿದ ಪ್ರತಿಗಳ ಬಗ್ಗೆ ಕೇಳಿದ್ದೀರಿ. 60ರಲ್ಲಿ 25 ಹೋದರೂ ಮೊದಲ ಮೇಜಿಗೆ ನಾನು ಖುಷಿಪಡುತ್ತೇನೆ. 130 ಜಿಎಸ್‌ಎಂ (ಒಂದು ಚದರ ಮೀಟರಿಗೆ 130 ಗ್ರಾಂ) ಕಾಗದದ ಎ5 ಅಳತೆಯ 32 ಪುಟ, ಮುಖಪುಟ ಸೇರಿ ಒಂದು ಪ್ರತಿ ಸುಮಾರು 80 ಗ್ರಾಂ ತೂಗುತ್ತದೆ. 60 ಪ್ರತಿ ಐದು ಕೆಜಿಯೂ ಇಲ್ಲ, ಬೆನ್ನಚೀಲದಲ್ಲಿ ಹೋಗುತ್ತದೆ, ಬರುತ್ತದೆ. ಅದೇ 160 ಪುಟದ್ದಾಗಿದ್ದರೆ 20 ಕೆಜಿ ಹೊತ್ತು ತರಬೇಕಿತ್ತು. ಮನೆಗೆ ಬಂದ ಮೇಲೆ ಐದಾರು ಪ್ರತಿಯನ್ನು ಪುಸ್ತಕದ ಬಗ್ಗೆ ಬರೆಯುವವರಿಗೆ, ನಿಮಗೆ ಇಷ್ಟವಾದ ಚಿತ್ರಕಾರರಿಗೆ ಕಳಿಸಿ. ಮಿಕ್ಕದ್ದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ತೇವ ತಾಗದ ಕಡೆ ಮಲಗಿಸಿ ಇಡಿ, ನಿಲ್ಲಿಸಿದರೆ ಸೆಂಟರ್ ಪಿನ್ ಪುಸ್ತಕ ಬಾಗುತ್ತದೆ. ಮುಂದಿನ ಕನ್ವೆನ್ಷನ್‌ಗೆ ಎರಡನೇ ಅಧ್ಯಾಯ ಇಟ್ಟುಕೊಂಡು ಕೂತಾಗ ಹೊಸಬರು ಮೊದಲು ಕೇಳುವುದು ಒಂದನೆಯದನ್ನೇ.